ಅಂಥ ಸಾಧನ ಇಲ್ಲ

ಕೃಷ್ಣೆಯ ದಡದಲ್ಲಿ ಚರಂತಯ್ಯನವರ ಆಶ್ರಮವಿತ್ತು. ಯಾರೋ ಕೈಬಿಟ್ಟ ಹಳೆಯ ಲ್ಯಾಪ್‌ಟಾಪುಗಳಿಗೆ ಅವರು ಯುನಿಕ್ಸ್ ಜಾತಿಯ ಆಪರೇಟಿಂಗ್ ಸಿಸ್ಟಂ ಹಾಕಿ, ಅದನ್ನು ನಡೆಸುವುದನ್ನು ಕಲಿಸುತ್ತಿದ್ದರು.

ಆ ಯಂತ್ರಗಳ ಪರದೆಯ ಮೇಲೆ ಒತ್ತಲು ಚಿತ್ರಗಳಿರಲಿಲ್ಲ. ಬರೆದು ಹೇಳಿದ್ದನ್ನು ಮಾತ್ರ ಅವು ಕೇಳುತ್ತಿದ್ದವು. ವೈಫೈಯನ್ನೂ ಹಾಗೆಯೇ, ಒಂದೊಂದೇ ಸಾಲು ಬರೆದು ಕೂಡಿಸಬೇಕಿತ್ತು.

ವಾಮದೇವ ಅಲ್ಲಿ ಆರು ವರ್ಷದಿಂದ ಇದ್ದ. ವೈಫೈ ಕೂಡಿಸುವ ಹತ್ತು ಸಾಲು ಅವನಿಗೆ ಬಾಯಿಪಾಠ. ಹೊಸಬರಿಗೂ ಅದನ್ನೇ ಬರೆದುಕೊಡುತ್ತಿದ್ದ.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಲ್ಯಾಪ್‌ಟಾಪ್ ಹಿಡಿದು ಅವನ ಬಳಿ ಬಂದಳು. ತಾಲೂಕು ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಕಲಿಯಲು ಬಂದು ಎರಡು ವಾರವಾಗಿತ್ತು.

"ಅಣ್ಣಾರ, ವೈಫೈ ಹತ್ತವಲ್ದು. ನರ್ಸ್ ತರಬೇತಿ ಅರ್ಜಿ ಇವತ್ತು ಐದರೊಳಗ ಕಳಸಬೇಕ್ರಿ. ವಯಸ್ಸಿನ ಲೆಕ್ಕದಾಗ ನನಗ ಇದ ಕಡೀ ವರ್ಷ."

ಆ ದಡದಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಆಶ್ರಮದ ಉಳಿದ ಯಂತ್ರಗಳೆಲ್ಲ ಆ ವಾರ ಆಚೆ ದಡದ ಶಾಲೆಗೆ ಹೋಗಿದ್ದವು.

ವಾಮದೇವ ಹತ್ತು ಸಾಲು ಹೊಡೆದ. ಮೊದಲ ಸಾಲಿಗೇ ಯಂತ್ರ ಉತ್ತರಿಸಿತು: ಅಂಥ ಸಾಧನ ಇಲ್ಲ.

ಮತ್ತೆ ಹೊಡೆದ. ಅದೇ ಉತ್ತರ. ಮೂರನೆಯ ಸಲ ಕೀಲಿಗಳನ್ನು ಕುಟ್ಟಿದ.

"ಏನು ಮಾಡಿಟ್ಟಿದ್ದೀರಿ ಇದಕ್ಕೆ?"

"ನಾ ಏನೂ ಮಾಡಿಲ್ರಿ. ನೀವು ಬರದಿದ್ದನ್ನ ಹೊಡದೀನಿ."

"ಅದನ್ನೇ ಹೊಡೆದಿದ್ದರೆ ಬರಬೇಕಿತ್ತು. ಇದು ನಿಮ್ಮಿಂದ ಆಗುವ ಕೆಲಸವಲ್ಲ, ಬಿಡಿ."

ಅವಳು ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು, ತನ್ನ ಚೀಲ ತೆಗೆದುಕೊಂಡು ದೋಣಿಯ ಕಡೆ ನಡೆದಳು.

ಕಟ್ಟೆಯ ಮೇಲೆ ನುಗ್ಗೆಸೊಪ್ಪು ಬಿಡಿಸುತ್ತಿದ್ದ ಚರಂತಯ್ಯನವರು ಕೇಳಿದರು, "ಯಾಕೆ ಹೋದಳು?"

"ಅದರೊಳಗೆ ವೈಫೈ ಹಿಡಿಯುವ ಕಾರ್ಡೇ ಇಲ್ಲ, ಗುರುಗಳೇ."

"ಯಾರು ಹೇಳಿದರು?"

"ಯಂತ್ರವೇ ಹೇಳಿತು."

"ಏನು ಇಲ್ಲವೆಂದು ಹೇಳಿತು? ಓದು."

ವಾಮದೇವ ಪರದೆಯನ್ನು ನೋಡಿದ. "ಡಬ್ಲ್ಯುಲ್ಯಾನ್ ಸೊನ್ನೆ ಎನ್ನುವ ಸಾಧನ ಇಲ್ಲ ಅಂತಿದೆ."

"ಅದು ಯಾರ ಹೆಸರು?"

"ಕಾರ್ಡಿನದು. ನನ್ನ ಯಂತ್ರದಲ್ಲಿರುವ ಕಾರ್ಡಿನದು."

"ಇದರದು?"

ವಾಮದೇವ ಯಂತ್ರವನ್ನು ತನ್ನತ್ತ ಎಳೆದುಕೊಂಡ.

ಗುರುಗಳು ಸೊಪ್ಪು ಬಿಡಿಸುವುದನ್ನು ಮುಂದುವರಿಸಿದರು.

ವಾಮದೇವ ಬರೆದದ್ದನ್ನೆಲ್ಲ ಅಳಿಸಿದ. ನಿನ್ನಲ್ಲಿ ಏನೇನಿದೆ ಎಂದು ಯಂತ್ರವನ್ನೇ ಕೇಳಿದ. ಅದು ಪಟ್ಟಿ ಕೊಟ್ಟಿತು. ಅದರ ಕೊನೆಯಲ್ಲಿ, ಅವನು ಎಂದೂ ಬರೆಯದ ಒಂದು ಉದ್ದನೆಯ ಹೆಸರು: ಡಬ್ಲ್ಯುಎಲ್‌ಪಿ ಮೂರು ಎಸ್ ಸೊನ್ನೆ.

"ಕಾರ್ಡ್ ಇದೆ," ಎಂದ. ಅವನ ದನಿ ಇಳಿದಿತ್ತು. "ಮಲಗಿದೆ, ಅಷ್ಟೇ."

ಆ ಹೆಸರು ಬರೆದು ಅದನ್ನು ಎಬ್ಬಿಸಿದ. ಸುತ್ತಲಿನ ಗಾಳಿಯಲ್ಲಿ ಯಾವ ವೈಫೈ ಇದೆ ಎಂದು ಕೇಳಿದ. ಆಶ್ರಮದ್ದು ಕಾಣಿಸಿತು. ಪಾಸ್‌ವರ್ಡ್ ಕೊಟ್ಟ, ಜಾಲದಲ್ಲಿ ಯಂತ್ರಕ್ಕೊಂದು ವಿಳಾಸ ಬೇಡಿದ. ವಿಳಾಸ ಬಂತು, ವೈಫೈ ಕೂಡಿತು.

ನಾಲ್ಕೂ ಕಾಲು ಆಗಿತ್ತು.

ವಾಮದೇವ ದಡಕ್ಕೆ ಓಡಿದ. ದೋಣಿ ಆಗಲೇ ಹೊರಟಿತ್ತು. ಅದರಲ್ಲಿ ನಾಲ್ವರು ಹೆಂಗಸರು, ಸೆರಗು ಹೊದ್ದು ಬೆನ್ನು ಮಾಡಿ ಕೂತಿದ್ದರು.

ಕೂಗಲು ಬಾಯಿ ತೆರೆದ. ಏನೆಂದು ಕೂಗಬೇಕೋ ತಿಳಿಯಲಿಲ್ಲ.

"ಅಮ್ಮಾ!" ಎಂದ. "ಅಮ್ಮಾ, ನಿಲ್ಲಿ!"

ಮೋಟಾರಿನ ಸದ್ದಿನಲ್ಲಿ ಯಾರೋ ಯಾರನ್ನೋ ಕರೆದಂತೆ ಕೇಳಿರಬೇಕು. ಒಬ್ಬರೂ ತಿರುಗಲಿಲ್ಲ. ದೋಣಿ ನಡುನೀರಿನತ್ತ ಸಾಗಿತು. ಅವನು ಮೊಣಕಾಲುದ್ದ ನೀರಿಗಿಳಿದು ಮತ್ತೆ ಕೂಗಿದ.

ಹಿಂದಿನಿಂದ ಗುರುಗಳ ದನಿ ಕೇಳಿಸಿತು, ಅಷ್ಟೇನೂ ಗಟ್ಟಿಯಾಗಿ ಅಲ್ಲ.

"ಕಾಶೀಬಾಯೀ!"

ಒಂದು ತಲೆ ತಿರುಗಿತು.

ದೋಣಿ ಹಿಂದಕ್ಕೆ ಬಂತು. ಕಾಶೀಬಾಯಿ ಇಳಿದಳು. ವಾಮದೇವನ ಮುಖ ನೋಡದೆ ಅವನನ್ನು ದಾಟಿ ಹೋಗಿ ಲ್ಯಾಪ್‌ಟಾಪಿನ ಮುಂದೆ ಕೂತಳು. ಅರ್ಜಿ ತುಂಬಿದಳು. ಐದಕ್ಕೆ ಎಂಟು ನಿಮಿಷ ಇರುವಾಗ ಅರ್ಜಿ ಹೋಯಿತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ತಪ್ಪು ನನ್ನದು," ಎಂದ ವಾಮದೇವ. "ಯಂತ್ರದ್ದಲ್ಲ. ನಿಮ್ಮದೂ ಅಲ್ಲ."

"ಹೌದ್ರಿ," ಎಂದಳು ಕಾಶೀಬಾಯಿ. "ಈಗ ಹೆಂಗ ಹತ್ತಿಸಿದ್ರಿ, ಅದನ್ನ ಕಲಸ್ರಿ."

ಅವನು ಕಲಿಸಿದ. ಅವಳು ವೈಫೈಯನ್ನು ಒಮ್ಮೆ ಕಳಚಿ, ತಾನೇ ಮೊದಲಿನಿಂದ ಕೂಡಿಸಿ ನೋಡಿ, ಮುಂದಿನ ದೋಣಿಗೆ ಊರಿಗೆ ಹೋದಳು.

ಸಂಜೆ ವಾಮದೇವ ಗುರುಗಳ ಪಕ್ಕದಲ್ಲಿ ಕೂತ. ಒದ್ದೆ ಪಂಚೆ ಇನ್ನೂ ಆರಿರಲಿಲ್ಲ.

"ಗುರುಗಳೇ, ಎರಡು ವಾರ ಕಲಿಸಿದವನು ನಾನು. ನೀವು ಆಕೆಯ ಜೊತೆ ಮಾತಾಡಿದ್ದನ್ನೇ ನಾನು ಕಂಡಿಲ್ಲ. ನಿಮಗೆ ಹೆಸರು ಹೇಗೆ ಗೊತ್ತಾಯಿತು?"

"ಬಂದ ದಿನ ಬಾಗಿಲಲ್ಲಿ ನಿಂತು ಅವಳೇ ಹೇಳಿದಳು," ಎಂದರು ಚರಂತಯ್ಯನವರು. "ನಿನಗೆ."