ಖಾಲಿ ಚಾಪೆಗಳು

ಇದು ನಡೆದದ್ದು ಜನವರಿಯಲ್ಲಿ, ಹೊಳೆಯಾಚೆಯ ಊರಿನವರು ಕಬ್ಬು ಕಡಿಯಲು ದೂರದ ಸೀಮೆಗೆ ಹೋಗಿದ್ದಾಗ.

ಪಟ್ಟಣದ ಚರ್ಚಿನ ಯುವಕರ ತಂಡವೊಂದು ಸೇವೆಗೆಂದು ಆ ಊರಿಗೆ ಬಂತು. ಗಿಟಾರು ಇತ್ತು, ಗೊಂಬೆಯಾಟದ ಪೆಟ್ಟಿಗೆ ಇತ್ತು, ತಿಂಗಳುಗಟ್ಟಲೆ ಕಲಿತ ಹಾಡುಗಳಿದ್ದವು. ಕೇಳುವವರು ಇರಲಿಲ್ಲ. ಸಭಾಪಾಲಕರಾದ ಯೋಬಪ್ಪ ಅಯ್ಯನವರು ಮತ್ತು ರೂತಮ್ಮ ಎಂಬ ಮುದುಕಿ ಮಾತ್ರ ದಡದಲ್ಲಿ ನಿಂತಿದ್ದರು.

ತಂಡ ಮುಂದಿನ ಊರಿಗೆ ಹೊರಟಿತು. ಹರಿಗೋಲಿನಿಂದ ಇಳಿಯುವಾಗ ತಂಡದಲ್ಲಿದ್ದ ಎಲ್ಕಾನ ಎಂಬ ಹುಡುಗನ ಕಾಲು ಉಳುಕಿತ್ತು.

“ನೀನು ಇಲ್ಲೇ ಇರು. ಶನಿವಾರ ಬಂದು ಕರ್ಕೊಂಡು ಹೋಗ್ತೀವಿ,” ಎಂದ ತಂಡದ ನಾಯಕ. “ಹೇಗೂ ಪ್ರಾರ್ಥನೆ ಹೊತ್ತಲ್ಲಿ ನೀನು ವಾಚು ನೋಡೋನೇ.”

ಎಲ್ಲರೂ ನಕ್ಕರು. ಎಲ್ಕಾನನೂ ನಕ್ಕ.

ಮಾತು ನಿಜವಾಗಿತ್ತು. ಪ್ರಾರ್ಥನೆಯಲ್ಲಿ ಗೆಳೆಯರು ಅಳುತ್ತಿದ್ದರು. ಅವನಿಗೆ ಏನೂ ಆಗುತ್ತಿರಲಿಲ್ಲ. ಈ ಪ್ರವಾಸದಲ್ಲೂ ಏನೂ ಆಗದಿದ್ದರೆ ಚರ್ಚಿಗೆ ಹೋಗುವುದನ್ನೇ ಬಿಡಬೇಕೆಂದು ಅವನು ಯಾರಿಗೂ ಹೇಳದೆ ನಿಶ್ಚಯಿಸಿದ್ದ.

ಆ ಊರಿನ ಪ್ರಾರ್ಥನಾಲಯದಲ್ಲಿ ಬೆಂಚುಗಳಿರಲಿಲ್ಲ. ಹೊಳೆಯಂಚಿನ ಆಪು ಹುಲ್ಲಿನಿಂದ ಹೆಣೆದ ಚಾಪೆಗಳನ್ನು ಸುತ್ತಿ ಮೂಲೆಯಲ್ಲಿ ನಿಲ್ಲಿಸಿದ್ದರು.

“ಬೆಳಿಗ್ಗೆ ಆರಾಧನೆಗೆ ಚಾಪೆ ಹಾಸಪ್ಪ,” ಎಂದರು ಅಯ್ಯನವರು.

“ಎಷ್ಟು ಹಾಸ್ಲಿ?”

“ಇರೋದು ಇಪ್ಪತ್ಮೂರು. ಅಷ್ಟೂ ಹಾಸು.”

ಕೂರುವವರು ಇಬ್ಬರೇ ಎಂದು ಎಲ್ಕಾನ ಲೆಕ್ಕ ಹಾಕಿದ. ಎರಡು ಚಾಪೆ ಹಾಸಿ ಒಂದರ ಮೇಲೆ ಕೂತ.

ರೂತಮ್ಮ ಬಂದಳು. ಚಾಪೆಯನ್ನು ನೋಡಿ, ಪಕ್ಕದ ಬರಿ ನೆಲದ ಮೇಲೆ ಕೂತಳು.

“ಚಾಪೆ ಮೇಲೆ ಕೂತ್ಕೊಳ್ಳಿ ಅಜ್ಜಿ. ನೆಲ ತಣ್ಣಗಿದೆ.”

“ಅದು ನಂದಲ್ಲೋ ಯಪ್ಪಾ, ದಾನಪ್ಪಂದು. ನೀ ಕುಂತಿದ್ದು ಅವನ ಹೆಂಡ್ತಿ ಸುಲೋಚನಂದು. ಆಕಿ ಈಗ ಬಂದ್ರ ನಿನ್ನ ರಟ್ಟಿ ಹಿಡಿದು ಎಬ್ಬಸ್ತಾಳ.”

ಎಲ್ಕಾನ ನೆಲಕ್ಕೆ ಸರಿದ.

“ಇಲ್ಲಿ ಸಭೆಗೆ ಸೇರೋರು ತಮ್ಮ ಚಾಪೆ ತಾವ ಹೆಣೀತಾರ,” ಎಂದರು ಅಯ್ಯನವರು. “ಏಳು, ಎಲ್ಲಾ ಹಾಸು.”

ಅವನು ಕುಂಟುತ್ತಾ ಹಾಸಿದ. ಒಂದೊಂದು ಚಾಪೆ ಬಿಚ್ಚಿಕೊಂಡಾಗಲೂ ಅಯ್ಯನವರು ಅದರ ಮುಂದೆ ನಿಂತು ಒಂದು ಹೆಸರು ಹೇಳಿದರು. ಕಣ್ಣು ಮುಚ್ಚಿದರು. ಮುಂದಿನ ಚಾಪೆಗೆ ಹೋದರು. ಆಮೇಲೆ, ಪ್ರಾರ್ಥನಾಲಯ ತುಂಬಿದೆಯೆಂಬಂತೆ ದನಿ ಎತ್ತಿ ಬೈಬಲಿನ ಪಾಠ ಓದಿದರು.

ಮರುದಿನವೂ ಹಾಗೇ ಆಯಿತು. ಎಲ್ಕಾನ ಬರಿ ನೆಲದ ಮೇಲೆ ಕೂತ. ಯಾರೂ ಅವನಿಗೆ ಚಾಪೆ ಕೊಡಲಿಲ್ಲ.

ಸಂಜೆ ಅವನು ಒಬ್ಬನೇ ದಡದಲ್ಲಿ ಕೂತಿದ್ದ. ಫೋನಿಗೆ ಸಿಗ್ನಲ್ ಇರಲಿಲ್ಲ. ಇದ್ದಿದ್ದರೂ ಯಾರಿಗೆ ಮಾಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಅಯ್ಯನವರು ಬಂದು ಪಕ್ಕದಲ್ಲಿ ಕೂತರು.

“ನನಗೆ ಏನೂ ಆಗ್ತಿಲ್ಲ ಅಯ್ಯನವರೇ. ಪ್ರಾರ್ಥನೆ ಮಾಡಿದ್ರೆ ಆ ಕಡೆ ಯಾರೂ ಇಲ್ಲ ಅನ್ಸುತ್ತೆ.”

“ಹಂಗೇನು?”

“ನಿಮಗೆ ಯಾವತ್ತೂ ಅನ್ಸಿಲ್ವಾ?”

“ಕಬ್ಬು ಕಡಿಯೋ ಕಾಲದಾಗ ದಿನಾ ಅನಸ್ತೈತಿ.”

“ಆಗ ಏನ್ ಮಾಡ್ತೀರಿ?”

“ಚಾಪೆ ಹಾಸ್ತೀನಿ.”

ಇನ್ನೇನಾದರೂ ಹೇಳುತ್ತಾರೆಂದು ಎಲ್ಕಾನ ಕಾದ. ಅಯ್ಯನವರು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಒಣಗಿದ ಆಪಿನ ಕಟ್ಟೊಂದನ್ನು ತಂದು ಅವನ ಮುಂದಿಟ್ಟು ಹಿಂತಿರುಗಿದರು.

ಹೆಣೆಯುವುದನ್ನು ರೂತಮ್ಮ ಹೇಳಿಕೊಟ್ಟಳು. ತಪ್ಪಿದಾಗಲೆಲ್ಲ ಬಿಚ್ಚಿಸಿದಳು.

“ಅಂಚು ನೋಡು, ನಿನ್ನ ಕಾಲಿನಂಗ ಸೊಟ್ಟ ಆಗೇತಿ.”

“ಕಾಲು ನೆಟ್ಟಗಾಗ್ತಿದೆ ಅಜ್ಜಿ.”

“ಹಂಗಾರ ಇದನ್ನೂ ನೆಟ್ಟಗ ಮಾಡು.”

ಅದು ನೆಟ್ಟಗಾಗಲಿಲ್ಲ. ಶುಕ್ರವಾರ ಕತ್ತಲಾಗುವ ಮೊದಲು ಹೇಗೋ ಮುಗಿಯಿತು.

ಶನಿವಾರ ಬೆಳಿಗ್ಗೆ ಎಲ್ಕಾನ ಎಲ್ಲ ಚಾಪೆಗಳನ್ನೂ ಹಾಸಿದ. ಕೊನೆಯಲ್ಲಿ ತನ್ನದನ್ನು ಹಾಸಿ ಕೂತ. ಈ ಸಲ ಅಯ್ಯನವರು ಹೆಸರು ಹೇಳಲಿಲ್ಲ, ಅವನತ್ತ ನೋಡಿದರು. ಅವನು ದಾನಪ್ಪನ ಹೆಸರು ಹೇಳಿದ. ಸುಲೋಚನಳ ಹೆಸರು ಹೇಳಿದ. ನೆನಪಿಲ್ಲದ ಕಡೆ ರೂತಮ್ಮ ನೆನಪಿಸಿದಳು. ಅವನು ಯಾರ ಮುಖವನ್ನೂ ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬರಲಿಲ್ಲ.

ಹೊರಗೆ ಗೆಳೆಯರ ಹಾಡು ಕೇಳಿದಾಗ ಹರಿಗೋಲು ದಡಕ್ಕೆ ಬಂದಿತ್ತು. ಅಲ್ಲಿಯವರೆಗೆ ಅವನು ವಾಚು ನೋಡಿರಲಿಲ್ಲ.

ಅವನು ತನ್ನ ಚಾಪೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಬಾಗಿಲವರೆಗೆ ಹೋದ. ತಿರುಗಿ ಬಂದು ಅದನ್ನು ಮೂಲೆಯಲ್ಲಿ, ಉಳಿದವುಗಳು ನಿಲ್ಲುವ ಜಾಗದಲ್ಲಿ ನಿಲ್ಲಿಸಿದ.

ಅಯ್ಯನವರು ದಡದವರೆಗೂ ಬಂದರು.

“ಏನೋ, ಒಬ್ಬನೇ ಬೇಜಾರಾಯ್ತಾ?” ಎಂದು ನಾಯಕ ಕೂಗಿದ.

“ಆಯ್ತು,” ಎಂದ ಎಲ್ಕಾನ.

ಆಮೇಲೆ ಅಯ್ಯನವರ ಕಡೆ ತಿರುಗಿದ. ದನಿ ತಗ್ಗಿಸಿದ.

“ಊರಿಗೆ ಹೋದ್ಮೇಲೆ ನಾನು ಚರ್ಚಿಗೆ ಹೋಗ್ತೀನೋ ಇಲ್ವೋ, ಗೊತ್ತಿಲ್ಲ ಅಯ್ಯನವರೇ.”

ಅಯ್ಯನವರು ತಲೆಯಾಡಿಸಿದರು.

ಅವನು ಹರಿಗೋಲು ಹತ್ತಿದ. ಅಂಬಿಗ ಹುಟ್ಟು ಹಾಕಿದ. ನೀರು ಸ್ವಲ್ಪ ಅಗಲವಾದ ಮೇಲೆ ಎಲ್ಕಾನ ಎದ್ದು ನಿಂತು ಕೇಳಿದ:

“ನಾಳೆ ಎಷ್ಟು ಚಾಪೆ ಹಾಸ್ತೀರಿ?”

“ಇಪ್ಪತ್ನಾಲ್ಕು,” ಎಂದರು ಅಯ್ಯನವರು.