ಕೆಂಚ ಕುದುರಿಸಿದ ಒಪ್ಪಂದ

ತಿಂಗಳಿಗೊಮ್ಮೆ ಕುರಿಹಟ್ಟಿಯಲ್ಲಿ ಎಲ್ಲಕ್ಕಿಂತ ಬಲಹೀನವಾದ ಪ್ರಾಣಿ ತೋಳಕ್ಕೆ, ಅದರ ಮೂಳೆ ಕಾವಲು ನಾಯಿ ಕೆಂಚನಿಗೆ, ಉಳಿದವಕ್ಕೆ ಜೀವಭಯವಿಲ್ಲ. ಕೆಂಚನೇ ತೋಳದ ಜೊತೆ ಕೂತು ಕುದುರಿಸಿದ ಒಪ್ಪಂದ ಇದು. ಗಿಟ್ಟುವ ವ್ಯವಹಾರವೆಂದೇ ಅವನು ನಂಬಿದ್ದ.

ಮೊದಲ ಮರಿ ಹೋದ ದಿನ ಹಿರಿಯ ಕುರಿಯೊಂದು ಕೆಂಚನನ್ನು ಕೇಳಿತು, “ಇದು ನ್ಯಾಯವೇನಣ್ಣಾ?”

“ನ್ಯಾಯ ಆಕಾಶದಿಂದ ಉದುರುತ್ತದೇನಮ್ಮ? ಬಲ ಇದ್ದವನಿಗೆ ಯಾವುದು ಲಾಭವೋ ಅದೇ ನ್ಯಾಯ. ಸುಮ್ಮನೆ ಮೇಯಿ.”

ವಾದ ಮಾಡುವ ತ್ರಾಣ ಕುರಿಗಳಿಗಿರಲಿಲ್ಲ. ತಲೆ ತಗ್ಗಿಸಿ ಮೇದವು. ಹನ್ನೊಂದು ತಿಂಗಳು ಮೂಳೆ ಕಡಿದೂ ಕಡಿದೂ ಕೆಂಚ ಹಲ್ಲೆಲ್ಲ ಮುರಿದುಕೊಂಡ. ಅಷ್ಟರಲ್ಲಿ ಮರಿಗಳೂ ಮುಗಿದಿದ್ದವು.

ಹನ್ನೆರಡನೆಯ ತಿಂಗಳು ತೋಳ ಬಂದು ಹಟ್ಟಿಯನ್ನೆಲ್ಲ ಕಣ್ಣಲ್ಲೇ ತೂಗಿ ನೋಡಿತು. “ಟಗರಿಗೆ ಕೊಂಬಿದೆ, ಕುರಿಗಳಿಗೆ ಗಟ್ಟಿ ಕಾಲಿದೆ. ಈ ಸಲದ ಸರದಿ ನಿನ್ನದು, ಕೆಂಚ.”

“ಇದು ಅನ್ಯಾಯ. ಒಪ್ಪಂದ ಮಾಡಿಸಿದವನೇ ನಾನು,” ಎಂದ ಕೆಂಚ ಕುರಿಗಳ ಕಡೆ ತಿರುಗಿದ. “ನೀವಾದರೂ ಒಂದು ಮಾತು ಹೇಳಿ.”

ಹಿರಿಯ ಕುರಿ ಮೇಯುವುದನ್ನು ನಿಲ್ಲಿಸಿತು. “ಏನಂತ ಹೇಳೋಣ ಅಣ್ಣಾ? ನೀವು ಹೇಳಿಕೊಟ್ಟದ್ದು ಒಂದೇ ನ್ಯಾಯ. ಬೇರೆಯದು ನಮಗೆ ಗೊತ್ತಿಲ್ಲ.”

ವರ್ಷದ ಕೊನೆಗೆ ತೋಳಕ್ಕೆ ದಕ್ಕಿದ್ದು ಹನ್ನೆರಡು ಊಟ, ಕೆಂಚನಿಗೆ ಹನ್ನೊಂದು ಮೂಳೆ, ಕುರಿಗಳಿಗೆ ಇನ್ನೊಂದು ತಿಂಗಳು.