ಕಾಳಾಚಾರಿಯ ಕೊನೆಯ ತೊಟ್ಟಿಲು

ಹತ್ತಿರ ಸರಿದು ಕೂತ್ಕೊಳ್ಳಿ ಮಕ್ಕಳೇ. ಹೊಳೆಸಾಲು ಅಂತ ಒಂದು ರಾಜ್ಯ. ಆ ರಾಜ್ಯದಲ್ಲಿ ಕಾಳಾಚಾರಿ ಅಂತ ಒಬ್ಬ ಬಡಗಿ ಇದ್ದ.

ಅವನದು ದೇವರು ಕೊಟ್ಟ ಕೈ. ನೇಗಿಲು ಮಾಡಿದರೆ ನೆಲ ತಾನೇ ಬಾಯಿ ಬಿಡುತ್ತಿತ್ತು. ಗಾಡಿ ಮಾಡಿದರೆ ಎತ್ತಿನ ಹೆಗಲು ನೋಯುತ್ತಿರಲಿಲ್ಲ. ತೊಟ್ಟಿಲು ಮಾಡಿದರೋ, ಅಳುವ ಕೂಸು ಅಳು ಮರೆಯುತ್ತಿತ್ತು. ಎಷ್ಟೇ ಕೆಲಸವಿರಲಿ, ಹೆಂಡತಿ ಮಗಳು ಜೊತೆಗೆ ಕೂರದೆ ಅವನು ತುತ್ತು ಎತ್ತಿದವನಲ್ಲ.

ಅವನದೊಂದು ನೇಮವಿತ್ತು. ತೊಟ್ಟಿಲು ಮುಗಿದ ದಿನ ಮೊದಲು ತನ್ನ ಮನೆಯ ಕೂಸನ್ನೇ ಮಲಗಿಸಿ ತೂಗುವನು. "ನನ್ನ ಕೂಸು ಮಲಗದ ತೊಟ್ಟಿಲನ್ನ ಊರ ಕೂಸಿಗೆ ಹೆಂಗೆ ಕೊಡ್ಲಿ?" ಅನ್ನುವನು. ಮಗಳು ಸಾವಂತ್ರಿ ಹಾಗೆ ಎಷ್ಟು ತೊಟ್ಟಿಲುಗಳಲ್ಲಿ ನಿದ್ದೆ ಮಾಡಿದ್ದಳೋ, ಆ ಶಿವನೇ ಬಲ್ಲ.

ಕಾಲ ಸರಿಯಿತು. ರಾಜನಿಗೆ ಗಂಡು ಮಗುವಾಯಿತು. "ಯಾರ ತೊಟ್ಟಿಲು ಚೆಂದವೋ, ಅವರ ಹೆಸರನ್ನು ಅರಮನೆಯ ಬಾಗಿಲ ಮೇಲೆ ಕೆತ್ತಿಸುತ್ತೇನೆ" ಎಂದು ಡಂಗುರ ಸಾರಿಸಿದ. ಮುದುಕ ಕಾಳಾಚಾರಿ ಹಲಸಿನ ಮರದಲ್ಲಿ ತೊಟ್ಟಿಲು ಮಾಡಿದ. ಸಾವಂತ್ರಿಯ ಕೂಸನ್ನು ಅದರಲ್ಲಿ ಮಲಗಿಸಿ ತೂಗಿದ. ಅದೇ ವಾರ ಕಣ್ಣು ಮುಚ್ಚಿದ.

ಸಾವಿನ ಮನೆಯವರನ್ನು ಮಾತಾಡಿಸಲು ತಿಪ್ಪಾಚಾರಿ ಬಂದ. ಅವನು ಅದೇ ಊರಿನ ಇನ್ನೊಬ್ಬ ಬಡಗಿ. "ಅಳಬೇಡ ಮಗಳೇ. ತೊಟ್ಟಿಲು ಅರಮನೆಗೆ ನಾನು ಮುಟ್ಟಿಸ್ತೀನಿ" ಅಂದ. ಸಾವಂತ್ರಿ ನಂಬಿ ಕೊಟ್ಟಳು.

ಕಾಳಾಚಾರಿ ತೊಟ್ಟಿಲಿಗೆ ಮೊಳೆ ಹೊಡೆದವನಲ್ಲ. ಎಲ್ಲಾ ಮರದ ಬೆಣೆ. ಒಂದೊಂದು ಬೆಣೆಯ ತಲೆಗೂ ಕೆತ್ತಿದ ಒಂದು ಗಿಳಿ, ಅದೇ ಅವನ ಗುರುತು. ಗಿಳಿ ಕಂಡರೆ ಗುಟ್ಟು ರಟ್ಟಾಗುತ್ತದಲ್ಲ! ತಿಪ್ಪಾಚಾರಿ ಆ ಬೆಣೆ ಕಿತ್ತು, ಹಸಿಮರದ ಬೆಣೆ ಬಡಿದು, ತೊಟ್ಟಿಲು ತನ್ನದೆಂದು ಅರಮನೆಗೆ ಒಪ್ಪಿಸಿದ.

ನಾಮಕರಣದ ದಿನ ಬಂತು. ಅಪ್ಪನ ಹೆಸರು ಸಾರುವುದನ್ನು ಕೇಳೋಣವೆಂದು ಸಾವಂತ್ರಿ ಕೂಸನ್ನು ಕಂಕುಳಲ್ಲೆತ್ತಿ ಅರಮನೆಗೆ ಬಂದಳು. ನೋಡಿದರೆ ತಿಪ್ಪಾಚಾರಿ ಶಾಲು ಹೊದ್ದು ನಿಂತಿದ್ದಾನೆ! ಗಿಳಿಗಳಿಲ್ಲ. ಬೆಣೆಗಳು ಬೆಳ್ಳಗಿವೆ. ಅಪ್ಪ ಬೆಣೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಹೊಗೆಗೆ ಕಪ್ಪಾಗುವಂತೆ ಒಣಗಿಸುತ್ತಿದ್ದ. ಹಸಿಬೆಣೆ ಒಣಗಿದರೆ ಸಣ್ಣಗಾಗಿ ಕಳಚುತ್ತದೆ. ಕೂಸಿನ ಗತಿ? ಕದ್ದ ಅಂದರೆ ನಂಬುವವರು ಯಾರು?

ಅವಳು ಕೈಮುಗಿದಳು. "ಒಡೆಯಾ, ತೊಟ್ಟಿಲನ್ನ ಮೂರು ಸಲ ತೂಗಿ ನೋಡಿ, ಆಮೇಲೆ ಮಗೂನ ಮಲಗಿಸಬೇಕು."

"ಧಾರಾಳವಾಗಿ ತೂಗವ್ವ" ಅಂದ ತಿಪ್ಪಾಚಾರಿ.

ಮೊದಲು ಶಾಸ್ತ್ರದ ಗುಂಡುಕಲ್ಲು ಇಟ್ಟು ತೂಗಿದರು. ತಿಪ್ಪಾಚಾರಿ ಮೀಸೆ ತಿರುವಿದ. ಆಮೇಲೆ ಅಕ್ಕಿಯ ಬುಟ್ಟಿ ಇಟ್ಟು ತೂಗಿದರು. ಎಲ್ಲೋ ಕಿರ್ ಅಂತು. ತಿಪ್ಪಾಚಾರಿ ಮೀಸೆಯಿಂದ ಕೈ ತೆಗೆದ.

"ಮೂರನೇದು, ಮಾಡಿದವರ ಮನೆ ಕೂಸು" ಅಂದಳು ಸಾವಂತ್ರಿ. "ಚಿಕ್ಕಪ್ಪಾ, ನಿಮ್ಮ ಮೊಮ್ಮಗ ಚಿಕ್ಕಮ್ಮನ ಕೈಯಲ್ಲೇ ಇದ್ದಾನಲ್ಲ!"

ತಿಪ್ಪಾಚಾರಿಯ ಹೆಂಡತಿಗೆ ಹಿಗ್ಗೋ ಹಿಗ್ಗು. ರಾಜಕುಮಾರನಿಗಿಂತ ಮೊದಲು ತನ್ನ ಮೊಮ್ಮಗ! ಓಡಿಬಂದು ಬಗ್ಗಿದಳು.

"ಬ್ಯಾಡ ಕಣೇ! ಬೆಣೆ ಹಸಿ ಇದೆ, ಕೂಸು ಬಿದ್ದೀತು!"

ಕೂಗಿದವನು ತಿಪ್ಪಾಚಾರಿಯೇ.

ರಾಜ ಎದ್ದು ನಿಂತ. "ನಿನ್ನ ಮೊಮ್ಮಗ ಬೀಳಬಾರದು. ನನ್ನ ಮಗ ಬೀಳಬಹುದೋ?"

ತಿಪ್ಪಾಚಾರಿ ಕಾಲಿಗೆ ಬಿದ್ದು ಎಲ್ಲವನ್ನೂ ಒಪ್ಪಿಕೊಂಡ. ಅವನ ಮನೆಯಿಂದ ಗಿಳಿಬೆಣೆಗಳು ಬಂದವು. ಸಾವಂತ್ರಿ ತಾನೇ ಅವನ್ನು ಕೂರಿಸಿ, ತನ್ನ ಕೂಸನ್ನು ಮಲಗಿಸಿ ತೂಗಿದಳು. ಅದು ಬೆರಳು ಚೀಪುತ್ತಾ ನಿದ್ದೆಹೋಯಿತು. ರಾಣಿಯೂ ತನ್ನ ಮಗನನ್ನು ತಂದು ಅದರ ಪಕ್ಕದಲ್ಲೇ ಮಲಗಿಸಿದಳು.

"ಕಾಳಾಚಾರಿಯ ಹೆಸರನ್ನು ನೀನೇ ಬಾಗಿಲ ಮೇಲೆ ಕೆತ್ತು. ಅದೇ ನಿನಗೆ ಶಿಕ್ಷೆ" ಎಂದ ರಾಜ. ತಿಪ್ಪಾಚಾರಿ ತಲೆ ತಗ್ಗಿಸಿ ಉಳಿ ಹಿಡಿದ.

"ಚಿಕ್ಕಪ್ಪಾ, ಅಕ್ಷರ ದೊಡ್ಡದಾಗಿರಲಿ. ನಮ್ಮವ್ವನಿಗೆ ಕಣ್ಣು ಮಂಜು" ಅಂದಳು ಸಾವಂತ್ರಿ.

ತಿಳೀತೇನ್ರಪ್ಪಾ ಮಕ್ಕಳೇ? ನಮ್ಮ ಕೂಸಿಗೆ ಆಗದ್ದನ್ನು ಪರರ ಕೂಸಿಗೆ ಕೊಡಬಾರದು. ಹಾಗೆ ಬದುಕಿದವನ ಹೆಸರನ್ನು ಯಾವ ಕಳ್ಳನೂ ಅಳಿಸಲಾರ.